ಸವಳು ಹೊಲದಲ್ಲಿ ನಾನು ನುಂಗಿದ ಮಾತು

೨೦೧೬ರಲ್ಲಿ ನಾನು ಅಥಣಿ ಭಾಗದ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಅಧಿಕಾರಿಯಾಗಿದ್ದೆ. ರೈತರು ತಂದ ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯುವುದು ನಮ್ಮ ಮುಖ್ಯ ಕೆಲಸ. ಆ ಅಳತೆಗೆ ಇ.ಸಿ. ಎನ್ನುತ್ತೇವೆ. ಅದು ನಾಲ್ಕು ದಾಟಿದರೆ ಭೂಮಿ ಉಪ್ಪೇರಿ ಸವಳಾಯಿತೆಂದೇ ಅರ್ಥ. ಕೃಷ್ಣಾ ದಂಡೆಯ ಕಬ್ಬಿನ ಹೊಲಗಳಿಂದ ಹತ್ತು, ಹನ್ನೊಂದು ತೋರಿಸುವ ಮಣ್ಣು ದಿನವೂ ಬರುತ್ತಿತ್ತು. ನಾವು ಚೀಟಿ ಬರೆದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು.

ಆ ಜನವರಿಯಲ್ಲಿ ಪಶ್ಚಿಮ ಆಫ್ರಿಕಾದ ಒಂದು ಸಣ್ಣ ದೇಶದಿಂದ ಕೋಫಿ ಎಂಬ ಅಧಿಕಾರಿ ಬಂದರು. ಅವರಿಗೆ ಹೊಲಗಳನ್ನು ತೋರಿಸಿ, ರೈತರ ಮಾತನ್ನು ಇಂಗ್ಲಿಷಿಗೆ ಅನುವಾದಿಸುವ ಕೆಲಸ ನನ್ನದು. ಅವರ ದೇಶದಲ್ಲಿ ನದಿ ಸಮುದ್ರ ಸೇರುವಲ್ಲಿ ದೊಡ್ಡ ಜೌಗು ಪ್ರದೇಶವಿತ್ತು. ಅಲ್ಲಿ ಹೆಂಗಸರು ಮೀನು ಹಿಡಿದು, ಭತ್ತ ಬೆಳೆದು ಬದುಕುತ್ತಿದ್ದರು. ಚಳಿಗಾಲಕ್ಕೆ ದೂರದ ಹಕ್ಕಿಗಳು ಬಂದಿಳಿಯುತ್ತಿದ್ದವು. ಆ ಜೌಗಿಗೆ ಒಡ್ಡು ಕಟ್ಟಿ ಕಬ್ಬು ಬೆಳೆಯಬೇಕೆಂಬ ಯೋಜನೆ ಸಿದ್ಧವಾಗಿತ್ತು.

"ನನ್ನ ವರದಿಯ ಮೇಲೆ ತೀರ್ಮಾನವಾಗುತ್ತದೆ. ನಿಮ್ಮಲ್ಲಿ ಕಬ್ಬು ಭೂಮಿಗೆ ಏನು ಮಾಡಿದೆ ಎಂದು ನೋಡಲು ಬಂದಿದ್ದೇನೆ" ಎಂದು ಅವರು ಜೀಪಿನಲ್ಲೇ ಹೇಳಿದರು.

ನನ್ನ ಮೇಲಧಿಕಾರಿ ಹಿಂದಿನ ದಿನವೇ ಫೋನಿನಲ್ಲಿ ಎಚ್ಚರಿಸಿದ್ದರು: "ಹಸಿರು ಹೊಲ ಅಷ್ಟೇ ತೋರಿಸ್ರಿ. ಹೊರದೇಶದವರ ಮುಂದ ಮರ್ಯಾದಿ ಕಳೀಬ್ಯಾಡ್ರಿ." ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. ಹಾಗಾಗಿ ಸತ್ತಿ ಎಂಬ ಊರಿನಲ್ಲಿ ಆಳೆತ್ತರದ ಕಬ್ಬು ತೋರಿಸಿದೆ, ಕಬ್ಬಿನ ಹಾಲು ಕುಡಿಸಿದೆ, ಫೋಟೋ ತೆಗೆಸಿದೆ.

ದಿಗ್ಗೇವಾಡಿ ಹತ್ತಿರ ಕೋಫಿ ತಾವೇ ಜೀಪು ನಿಲ್ಲಿಸಿದರು. ರಸ್ತೆ ಪಕ್ಕದ ಹೊಲ ಸುಣ್ಣ ಚೆಲ್ಲಿದಂತೆ ಬೆಳ್ಳಗಿತ್ತು. ಅದರ ಒಡತಿ ಕಸ್ತೂರವ್ವ ನನಗೆ ಪರಿಚಯದವರೇ. ಅವರ ಮಣ್ಣು ಹನ್ನೊಂದು ತೋರಿಸಿತ್ತು. ಅತಿಥಿ ತಮ್ಮ ದೇಶದಲ್ಲಿ ಕಬ್ಬು ಹಚ್ಚುವ ಮೊದಲು ನೋಡಲು ಬಂದಿದ್ದಾರೆಂದು ನನ್ನಿಂದ ತಿಳಿದು ಕಸ್ತೂರವ್ವ ನೇರವಾಗಿ ಮಾತಿಗಿಳಿದರು.

"ನೀರಿನ ಪಾಳಿ ಬಿಟ್ರ ನಮ್ಮ ಹಕ್ಕ ಹೋಗ್ತೈತಂತ ಹಸಿ ಹೊಲಕ್ಕ ಮತ್ತ ನೀರ ಹಾಯ್ಸಿದಿವ್ರಿ. ನೀರ ಬಸಿಯೋ ಹಳ್ಳಾ ಮುಚ್ಚಿ ಅದರಾಗೂ ಕಬ್ಬ ಹಚ್ಚಿದಿವಿ. ಈಗ ಉಪ್ಪ ಮ್ಯಾಲ ಬಂದೈತಿ, ಜ್ವಾಳಾನೂ ಏಳೂದಿಲ್ಲ. ಅವರ ಊರಾಗ ಹಿಂಗ ಮಾಡಬ್ಯಾಡ್ರಿ ಅಂತ ಹೇಳ್ರಿ ಪಾವ್ಣ್ಯಾರಿಗೆ."

ಕೋಫಿ ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಈ ವರ್ಷ ಹೊಲಕ್ಕೆ ಸುಣ್ಣ ಹಾಕಿ ವಿಶ್ರಾಂತಿ ಕೊಟ್ಟಿದ್ದಾರೆ. ನಿಮ್ಮ ದೇಶಕ್ಕೆ ಒಳ್ಳೆಯದಾಗಲಿ ಎನ್ನುತ್ತಿದ್ದಾರೆ."

ಅವರು ಕಸ್ತೂರವ್ವನಿಗೆ ಕೈ ಮುಗಿದರು. ಆಕೆಯ ಮುಖ ಅರಳಿತು. "ತಿಳೀತಲ್ರಿ ಅವರಿಗೆ?"

"ತಿಳೀತ್ರಿ ಅಕ್ಕಾರ" ಎಂದೆ.

ಬಡ್ತಿ ಬಂತು. ಆಫೀಸಿನಲ್ಲಿ ಪೇಢೆ ಹಂಚಿದೆ.

ಮೂರು ವರ್ಷದ ಮೇಲೆ ಕೋಫಿಯವರಿಂದ ಇಮೇಲ್ ಬಂತು. ಜೊತೆಗಿದ್ದ ಫೋಟೋದಲ್ಲಿ ಒಡ್ಡು, ಒಣಗಿದ ಕಬ್ಬು, ಅದರ ಬುಡದಲ್ಲಿ ಬಿಳಿ ಪೊರೆ. ಹಕ್ಕಿಗಳು ಬರುತ್ತಿಲ್ಲವಂತೆ. ಮೀನು ಹಿಡಿಯುತ್ತಿದ್ದ ಹೆಂಗಸರು ಪೇಟೆಗೆ ಹೋಗಿ ತಲೆಹೊರೆ ಹೊರುತ್ತಿದ್ದಾರಂತೆ. ಕೊನೆಯಲ್ಲಿ ಒಂದು ಪ್ರಶ್ನೆ: "ಆ ತಾಯಿ ಅಷ್ಟು ಹೊತ್ತು ಮಾತಾಡಿದರು, ನೀವು ಎರಡೇ ವಾಕ್ಯ ಹೇಳಿದಿರಿ. ಅವರು ನಿಜವಾಗಿ ಹೇಳಿದ್ದೇನು?"

ಒಂದು ವಾರ ಒದ್ದಾಡಿ, ಆಕೆಯ ಮಾತನ್ನೆಲ್ಲ ಬರೆದು ಕಳಿಸಿದೆ. ಉತ್ತರ ಚಿಕ್ಕದಿತ್ತು: "ಅಂದೇ ಹೇಳಿದ್ದರೆ ಅದನ್ನೇ ನನ್ನ ವರದಿಯಲ್ಲಿ ಬರೆಯುತ್ತಿದ್ದೆ." ಆಮೇಲೆ ಅವರು ನನಗೆ ಬರೆಯಲಿಲ್ಲ.

ಮೂವತ್ತು ವರ್ಷ ಮಣ್ಣಿನ ಉಪ್ಪು ಅಳೆದೆ. ತಿಳಿದ ಸತ್ಯವನ್ನು ಕೇಳಿದವರಿಗೆ ಹೇಳದವನ ಅಳತೆಯಿಂದ ಯಾರಿಗೂ ಉಪಯೋಗವಿಲ್ಲ ಎಂಬ ಪಾಠವನ್ನು ಈ ನೌಕರಿ ನನಗೆ ಕಲಿಸಿತು. ಆ ಪಾಠಕ್ಕೆ ಬೇರೆ ಯಾರದೋ ನೆಲ ಹೋಯಿತು. ನನ್ನ ಬಗ್ಗೆ ನನಗೆ ಇಂದಿಗೂ ಹೇಸಿಗೆಯಿದೆ.

ನಿವೃತ್ತಿಯಾದ ಮೇಲೆ ದಿಗ್ಗೇವಾಡಿಗೆ ಹೋಗಿ ಕಸ್ತೂರವ್ವನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ:

"ಹಂಗಾರ ಅವತ್ತ ನೀವ್ಯಾಕ ಬಂದಿದ್ರಿ, ಸಾಹೇಬ್ರ?"