ಸವೆದು ದಪ್ಪವಾದ ಇಂಜಿನ್ನು

ಅಣ್ಣನ ಕಾರ್ಟ್ ರೇಸ್ ಬಳಗಕ್ಕೆ ನಾನು ಕಾರ್ಯದರ್ಶಿಯಾದದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹುಡುಗಿಯರ ಕಾಲೇಜೊಂದರ ಪ್ರಯೋಗಾಲಯದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಜನರೊಡನೆ ಮಾತಾಡುವುದಕ್ಕಿಂತ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂರುವುದೇ ನನಗೆ ಹಿತವಾಗಿತ್ತು. ಇಂಥವಳ ಕೈಗೆ ನಿಯಮದ ಪುಸ್ತಕ ಕೊಡಬಾರದು ಎಂದು ಯಾರಿಗೂ ಹೊಳೆಯಲಿಲ್ಲ.

ಕಾರ್ಟ್ ಎಂದರೆ ಕಬ್ಬಿಣದ ಕೊಳವೆಗಳನ್ನು ಬೆಸೆದ ಚೌಕಟ್ಟು, ನಾಲ್ಕು ಪುಟ್ಟ ಚಕ್ರ, ಬೆನ್ನ ಹಿಂದೆ ಒಂದು ಸ್ಕೂಟರ್ ಇಂಜಿನ್. ಕೂತವರ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಯಲಹಂಕದಾಚೆ, ಕೋಗಿಲು ದಾರಿಯಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಯಾವುದಕ್ಕೋ ಸಿಮೆಂಟ್ ಹಾಸಿ ಬಿಟ್ಟುಹೋದ ಬಯಲೊಂದಿತ್ತು. ಯುದ್ಧ ಮುಗಿದು ಇಪ್ಪತ್ತು ವರ್ಷವಾದರೂ ಅದನ್ನು ಕೇಳುವವರಿರಲಿಲ್ಲ. ತಿಂಗಳಿಗೊಂದು ಭಾನುವಾರ ಅಲ್ಲಿ ಎಂಟು ಜನ ಸುತ್ತು ಹೊಡೆಯುತ್ತಿದ್ದರು. ವರ್ಷದ ಕೊನೆಗೆ ಹೆಚ್ಚು ಅಂಕ ಪಡೆದವರಿಗೆ ಬಹುಮಾನವಾಗಿ ಒಂದು ಕಪ್ಪು.

ಆ ವರ್ಷ ಮುಂದಿದ್ದವರು ಯಶವಂತಪುರದಲ್ಲಿ ಶೆಡ್ ಇಟ್ಟುಕೊಂಡಿದ್ದ ಮೆಕ್ಯಾನಿಕ್. ಅಬ್ಬಿಗೆರೆಯವರು, ನಲವತ್ತು ದಾಟಿದವರು. ಎಲ್ಲರ ಇಂಜಿನ್ನನ್ನೂ ಅವರೇ ರಿಪೇರಿ ಮಾಡುತ್ತಿದ್ದರು, ಆಮೇಲೆ ಎಲ್ಲರನ್ನೂ ಸೋಲಿಸುತ್ತಿದ್ದರು. ಎರಡೇ ಅಂಕ ಹಿಂದಿದ್ದವನು ನಮ್ಮಣ್ಣ. ಅವನದು ಬೊಂಬಾಯಿಯ ಸೋದರಮಾವ ಹೇಗೋ ದೊರಕಿಸಿ ಕಳಿಸಿದ ಹೊಚ್ಚಹೊಸ ಇಂಜಿನ್.

ಕೊನೆಯ ರೇಸಿಗೆ ಮೂರು ವಾರವಿರುವಾಗ ಯಾರೋ ಒಬ್ಬರು ಮೋಟಾರ್ ಸೈಕಲ್ಲಿನ ದೊಡ್ಡ ಇಂಜಿನ್ ಕೂರಿಸುತ್ತಾರಂತೆ ಎಂಬ ಸುದ್ದಿ ಹುಟ್ಟಿತು. ನಮ್ಮ ಅಧ್ಯಕ್ಷರು, ಹೆಬ್ಬಾಳದ ನಿವೃತ್ತ ಇಂಜಿನಿಯರು, ಗಾಬರಿಯಾದರು. "ಒಂದು ರೂಲ್ ಬರೀರಿ. ಜಗಳಕ್ಕೆ ಜಾಗ ಇರಬಾರದು ನೋಡಿ" ಎಂದರು.

ನಾನು ಜಗಳಕ್ಕೇನು, ಗಾಳಿಗೂ ಜಾಗ ಬಿಡಲಿಲ್ಲ. ಇಂಜಿನ್ ನೂರೈವತ್ತು ಸಿಸಿ ಮೀರಕೂಡದು. ಸಿಲಿಂಡರಿನ ಒಳ ಅಡ್ಡಳತೆಯನ್ನು ಅಳೆದೇ ಲೆಕ್ಕ ಹಾಕತಕ್ಕದ್ದು. ನಿಯಮ ಇಂದಿನಿಂದಲೇ ಜಾರಿ. ಬರೆದು ಮೂರು ಸಲ ಓದಿ, ನನ್ನ ವಾಕ್ಯಕ್ಕೆ ನಾನೇ ತಲೆದೂಗಿದೆ. ಓಡಿಸುವವರನ್ನು ಒಂದು ಮಾತು ಕೇಳಬೇಕು ಎಂದು ಅನ್ನಿಸಲಿಲ್ಲ. ಕೇಳಬೇಕಾದರೆ ಮಾತಾಡಬೇಕಿತ್ತಲ್ಲ.

ರೇಸಿಗೆ ಒಂದು ವಾರ ಮೊದಲು ತಪಾಸಣೆ ನಡೆಯಿತು. ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರನ್ನು ಅನುಮತಿ ಪಡೆದು, ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಹೊಂಗೆ ಮರದ ಕೆಳಗೆ ಒಂದೊಂದೇ ಸಿಲಿಂಡರ್ ಬಿಚ್ಚಿ ತಂದರು. ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ತೆಗೆದೆ. ಏಳು ಪಾಸಾದವು. ಮೆಕ್ಯಾನಿಕ್ಕರದು ನೂರೈವತ್ತು ಬಿಂದು ಆರು ಸಿಸಿ.

"ಜಾಸ್ತಿ ಇದೆ" ಎಂದೆ.

"ಜಾಸ್ತಿ ಇರ್ದೆ ಏನಮ್ಮ, ಎಲ್ಡು ಸಲ ಬೋರ್ ಒಡ್ಸಿದೀನಿ" ಎಂದರು ಅವರು. ಸವೆದ ಸಿಲಿಂಡರನ್ನು ಒಳಗಿನಿಂದ ತುಸು ಕೊರೆದು, ದಪ್ಪ ಪಿಸ್ಟನ್ ಹಾಕಿ ಮತ್ತೆ ಓಡಿಸುವುದೇ ನಮ್ಮೂರಿನ ಪದ್ಧತಿ. ಹೊಸದು ಸಿಗುವುದು ಸೋದರಮಾವಂದಿರು ಇರುವವರಿಗೆ ಮಾತ್ರ. "ಮನುಸ್ರು ತಿಂದು ದಪ್ಪ ಆಯ್ತಾರೆ. ಇಂಜಿನ್ನು ಸವೆದು ದಪ್ಪ ಆಯ್ತದೆ. ನಿಮ್ ಪುಸ್ತಕದಾಗೆ ಇರ್ಲಿಲ್ವಾ?"

"ರೂಲ್ ಅಂದ್ರೆ ರೂಲ್ ಕಣ್ರೀ" ಎಂದರು ಅಧ್ಯಕ್ಷರು, ಕಿರಿಕಿರಿಯಿಂದ.

"ಸರಿ ಬಿಡಿ ಸಾರ್." ಮೆಕ್ಯಾನಿಕ್ ಕೈ ಒರೆಸಿಕೊಂಡು ಅಣ್ಣನ ಕಡೆ ತಿರುಗಿದರು. "ಕಪ್ಪು ನಿಮ್ದೇ ಆಯ್ತು ಗುರು. ತಂಗಿ ಅಂದ್ರೆ ಇಂಗಿರ್ಬೇಕು."

ಎಲ್ಲರೂ ನಕ್ಕರು. ದೊಡ್ಡ ಇಂಜಿನ್ನಿನ ಸುದ್ದಿ ಬರೀ ಸುದ್ದಿಯೇ ಆಗಿತ್ತು. ನನ್ನ ಬಲೆಗೆ ಬಿದ್ದದ್ದು ಅವರೊಬ್ಬರೇ. ನಾನು ಕ್ಯಾಲಿಪರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದೆ.

ಮಾರನೆಯ ದಿನ ಕಾಲೇಜು ಮುಗಿಸಿ ಯಶವಂತಪುರದ ಶೆಡ್ಡಿಗೆ ಹೋದೆ. ಒಪ್ಪಿಸಲು ವಿವರಣೆಯೊಂದನ್ನು ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದೆ. ಅವರು ಕೇಳಲಿಲ್ಲ. ಹಳೆಯ ಸಿಲಿಂಡರೊಂದನ್ನು ಕೈಗಿತ್ತು, "ಬೆಳ್ಳು ಆಡ್ಸಿ ನೋಡಿ" ಎಂದರು. ಒಳಗೆ, ಪಿಸ್ಟನ್ ಮುಟ್ಟದೆ ಉಳಿದ ಅಂಚು ಉಗುರಿಗೆ ತಡೆಯಿತು. ಅದರ ಕೆಳಗೆ ಲೋಹ ಸವೆದು ತಗ್ಗಾಗಿತ್ತು. ಬಿಂದುವಿನ ಆಚೆಯ ಎರಡನೇ ಅಂಕಿಗಾಗಿ ಒದ್ದಾಡುವ ನಾನು ಅದುವರೆಗೆ ಒಂದು ಸಿಲಿಂಡರಿನೊಳಗೂ ಬೆರಳಿಟ್ಟಿರಲಿಲ್ಲ.

ಗೋಡೆಯ ಮೇಲೆ ಹೊಸದಾಗಿ ಮೊಳೆ ಹೊಡೆದ ಖಾಲಿ ಹಲಗೆಯೊಂದು ಕಾಣಿಸಿತು. "ಅದೇನಕ್ಕೆ?" ಎಂದೆ.

"ಟೀ ಲೋಟ ಮಡಗಕ್ಕೆ" ಎಂದರು. ಟೀ ಲೋಟಗಳು ಕಿಟಕಿಯಲ್ಲಿದ್ದವು.

ಆ ವಾರ ನಾಲ್ಕು ಪುಟದ ಟಿಪ್ಪಣಿ ಬರೆದೆ. ರೇಸಿನ ಬೆಳಿಗ್ಗೆ ಬಯಲಿನಲ್ಲಿ ಎಲ್ಲರ ಮುಂದೆ ಅದನ್ನು ಅಧ್ಯಕ್ಷರಿಗೆ ಕೊಟ್ಟಾಗ ಅವರು ತೂಕ ನೋಡಿ ಹಿಂದಿರುಗಿಸಿದರು. "ಬಾಯಲ್ಲಿ ಹೇಳಿಬಿಡಿ. ಬಿಸಿಲು ಏರ್ತಾ ಇದೆ."

ಪುಟಗಳನ್ನು ಮಡಚಿ ಹಿಡಿದುಕೊಂಡೆ. "ರೂಲ್ ಬರೆದದ್ದು ನಾನು. ತಪ್ಪಾಗಿದೆ" ಎಂದೆ. ಉಳಿದ ವಾಕ್ಯಗಳು ಹೇಗೆ ಬಂದವೋ ತಿಳಿಯದು: ವರ್ಷದ ನಡುವೆ ನಿಯಮ ಬದಲಾಗಬಾರದು, ಹೊಸದು ಮುಂದಿನ ವರ್ಷಕ್ಕೆ, ಅದೂ ಎಲ್ಲರನ್ನೂ ಕೇಳಿದ ಮೇಲೆ, ತಯಾರಕರ ಮೂಲ ಅಳತೆಯನ್ನೇ ಲೆಕ್ಕಕ್ಕೆ ಹಿಡಿದು, ಅದರ ಮೇಲೆ ಎರಡು ಸಲ ಬೋರ್ ಮಾಡಿಸಲು ಅವಕಾಶ ಕೊಡಬೇಕು.

"ಮನೇಲೇ ಇದಾಳಲ್ಲಪ್ಪಾ ಶತ್ರು" ಎಂದ ಅಣ್ಣ. ಆದರೂ ಒಪ್ಪಿಗೆಗೆ ಕೈಯೆತ್ತುವಾಗ ಎಲ್ಲರಿಗಿಂತ ಮೊದಲು ಎತ್ತಿದವನು ಅವನೇ. ನನ್ನ ನಿಯಮದಿಂದ ಗೆಲ್ಲುವುದು ಅವನಿಗೂ ಮುಜುಗರವಾಗಿತ್ತೆಂದು ಆಗ ತಿಳಿಯಿತು. ಅಧ್ಯಕ್ಷರು ಗಡಿಯಾರ ನೋಡಿ ಒಪ್ಪಿದರು.

ಆ ದಿನದ ರೇಸ್ ಗೆದ್ದವನು ಅಣ್ಣ. ಮೆಕ್ಯಾನಿಕ್ ಎರಡನೆಯವರಾದರೂ ಒಂದೇ ಅಂಕದಿಂದ ವರ್ಷದ ಕಪ್ಪು ಅವರದಾಯಿತು.

ಮರುವರ್ಷ ಅಣ್ಣ ಪೆಟ್ರೋಲಿಗೆ ಎಣ್ಣೆ ಬೆರೆಸಲು ಮರೆತ; ಪಿಸ್ಟನ್ ಒಳಗೇ ಬಿಗಿದು ಇಂಜಿನ್ ನಿಂತುಹೋಯಿತು. ಇಬ್ಬರೂ ಅದನ್ನು ಹೊತ್ತು ಯಶವಂತಪುರಕ್ಕೆ ಹೋದೆವು. ಗೋಡೆಯ ಆ ಹಲಗೆಯ ಮೇಲೆ ಕಪ್ಪು ಇತ್ತು, ಅದರ ತುಂಬ ನಟ್ಟು ಬೋಲ್ಟು. ಮೆಕ್ಯಾನಿಕ್ ಸಿಲಿಂಡರಿನೊಳಗೆ ಬೆರಳಾಡಿಸಿ, ನನ್ನ ಕಡೆ ನೋಡದೆಯೇ ಅಣ್ಣನಿಗೆ ಹೇಳಿದರು: "ಬೋರ್ ಒಡಿಬೇಕು ಗುರು. ಭಯ ಬೀಳ್ಬೇಡಿ. ನಿಮ್ ತಂಗಿ ರೂಲ್ನಾಗೆ ಇನ್ನೂ ಒಂದು ಬಾಕಿ ಉಳಿತದೆ."