ಕನ್ನಡಿಯ ಬೆನ್ನಿನ ಕಿಂಡಿ

ಮಾರ್ಗಶಿರ ಶುದ್ಧ ಪಂಚಮಿ, ಬುಧವಾರ, ಬೆಳಿಗ್ಗೆ ಏಳೂವರೆ. ದಾಡಿ ಮಾಡಿಕೊಳ್ಳಲು ಕನ್ನಡಿಯ ಮುಂದೆ ನಿಂತರೆ, ಎಡಗೆನ್ನೆಯಿರಬೇಕಾದಲ್ಲಿ ಹೆಸರುಕಾಳಿನಷ್ಟು ಗೋಡೆ ಕಾಣುತ್ತದೆ. ಅಲ್ಲಿಯ ಲೇಪವನ್ನು ಕೆರೆದವನು ನಾನೇ. ಹೊಸ ಕನ್ನಡಿ ತರಬಾರದೇ ಎಂದು ನೀವು ಕೇಳಬಹುದು. ತರಲಾರೆ.

ನಾನು ಕಾಲೇಜು ಸೇರಿದ ವರ್ಷದ ಮಾತು. ನಾವಿದ್ದ ಸದಾಶಿವ ಪೇಠೆಯ ಕ್ಷೌರದಂಗಡಿಯಲ್ಲಿ ಎರಡು ಕನ್ನಡಿಗಳು ಎದುರುಬದುರಾಗಿದ್ದವು. ಅವುಗಳೊಳಗಿನ ಕೊನೆಯಿಲ್ಲದ ಸಾಲಿನಲ್ಲಿ ಎಷ್ಟು ದೀಪಗಳೆಂದು ಎಣಿಸಿ ದಿನಚರಿಯಲ್ಲಿ ಬರೆಯುವ ಹಟ ನನಗೆ. ಪ್ರತಿ ಸಲವೂ ನನ್ನದೇ ತಲೆ ಅಡ್ಡ ಬರುತ್ತಿತ್ತು. ಮನೆಗೆ ಬಂದು ಗೊಣಗಿದೆ.

ಒಲೆಯ ಮುಂದಿದ್ದ ತುಂಗತ್ತೆ ಕೇಳಿಸಿಕೊಂಡಳು. ಅಪ್ಪನ ತಂಗಿ, ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ವಿಧವೆಯರ ಕೆಂಪು ಸೀರೆಯುಟ್ಟು ಧಾರವಾಡದಿಂದ ನಮ್ಮಲ್ಲಿಗೆ ಬಂದವಳು. ಅಂಥವರು ಕನ್ನಡಿ ನೋಡಬಾರದೆಂಬುದು ಮನೆಯ ಕಟ್ಟಳೆ. ಕನ್ನಡಿ ತೂಗುಹಾಕಿದ್ದ ನಡುಮನೆ ದಾಟುವಾಗೆಲ್ಲ ಅವಳು ಮುಖ ತಿರುಗಿಸಿಯೇ ನಡೆಯುತ್ತಿದ್ದಳು.

"ನಿನ್ನ ತಲಿ ಕಾಣದಂಗ ನೋಡ್ಲಿಕ್ಕೆ ಬರ್ತದೇನೋ, ತಮ್ಮಾ?"

"ಯಾಕ, ಅತ್ಯಾ?"

"ಹಂಗಾದ್ರ ನಾನೂ ನೋಡಬಹುದಲ್ಲ. ಮಾರಿ ಕಾಣದಿದ್ರ ನಿಯಮ ಎಲ್ಲಿ ಮುರೀತು?"

ಮರುದಿನ ಸಂಜೆ ಮನೆಯವರೆಲ್ಲ ಕೀರ್ತನೆಗೆ ಹೋಗಿದ್ದರು. ಗೋಡೆಯ ಕನ್ನಡಿ ಇಳಿಸಿ, ಬೆನ್ನಿನ ಲೇಪವನ್ನು ಚಾಕುವಿನ ತುದಿಯಿಂದ ಚೂರು ಕೆರೆದೆ. ಅದನ್ನು ಅಡಿಗೆಮನೆಯ ಬಾಗಿಲಲ್ಲಿ, ಬೆನ್ನು ಒಳಗಾಗುವಂತೆ ನಿಲ್ಲಿಸಿದೆ. ಎದುರಿಗೆ ಕಪಾಟಿನ ಕನ್ನಡಿ, ನಡುವೆ ಕಂದೀಲು. ಅತ್ತೆ ಒಳಗೆ ಕತ್ತಲಲ್ಲಿ ಕುಳಿತು ಕಿಂಡಿಗೆ ಕಣ್ಣಿಟ್ಟಳು.

"ಅಯ್ಯ, ದೀಪಾವಳಿನ ಆತಲ್ಲೋ!"

"ಎಷ್ಟು ದೀಪ ಅವ?"

"ಎಣಿಸೋದು ನಿನ್ನ ಚಟ. ಸುಮ್ನಿರು."

ಬಹಳ ಹೊತ್ತು ನೋಡಿದಳು. ಆಮೇಲೆ ದನಿ ತಗ್ಗಿತು.

"ಎಷ್ಟೊಂದು ಕೋಣಿ, ತಮ್ಮಾ. ಒಂದರಾಗೂ ಯಾರೂ ಇಲ್ಲ."

"ಅದಕ್ಕ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು?" ಎಂದು ಬೀಗಿದೆ.

ಅವಳು ಎದ್ದಳು. ಅಂಗಳದ ಬಾಗಿಲಿಂದ ಸುತ್ತಿ ಬಂದು, ಸೆರಗು ಸರಿಮಾಡಿಕೊಂಡು, ಕಂದೀಲಿನ ಪಕ್ಕ ನಿಂತು ಕಣ್ಣೆತ್ತಿದಳು. ಸಾಲಿನ ತುಂಬ ಕೆಂಪು ಸೀರೆಯ ಹೆಂಗಸರು.

"ನಮ್ಮವ್ವನ ಹಂಗ ಆಗೇನಲ್ಲೋ," ಎಂದಳು. "ಯಾರೂ ಹೇಳಲೇ ಇಲ್ಲ."

ಅಂದಿನ ದಿನಚರಿಯಲ್ಲಿ ದೀಪಗಳ ಲೆಕ್ಕ ಬರೆಯಬೇಕಾದ ಜಾಗ ಇಂದಿಗೂ ಖಾಲಿಯಿದೆ.

ಇಗೋ, ಮುಖದ ತುಂಬ ಸಾಬೂನಿರುವಾಗಲೇ ಬೆನ್ನಿಗೆ ಅತ್ತೆಯ ತಿವಿತ: "ಸರಿಯೋ, ನನಗೂ ಒಂದೀಟು ಜಾಗಾ ಕೊಡು." ಸರಿಯುತ್ತೇನೆ. ಕನ್ನಡಿಯಲ್ಲಿ ಈಗ ಇಬ್ಬರು.

ಒಂದು ಸಂಶಯ ಮಾತ್ರ ಉಳಿದಿದೆ. ಕಿಂಡಿಯಿಂದ ನೋಡಿದರೆ ಆ ಕಿಂಡಿಯೇ ಕಪ್ಪು ಚುಕ್ಕೆಯಾಗಿ ಪ್ರತಿಯೊಂದು ಬಿಂಬದಲ್ಲೂ ಕಾಣುತ್ತದೆ. ನೋಡುವವನ ಆ ಗುರುತೂ ಉಳಿಯದಂತೆ ನೋಡುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು. ಅವಸರವಿಲ್ಲ. ನಮ್ಮ ಮನೆಯಲ್ಲಿ ಈಗ ಅದು ಯಾರಿಗೂ ಬೇಕಾಗಿಲ್ಲ.