ದಿಬ್ಬದ ಮಣ್ಣಿನ ಗಣಪ

ಮೊನ್ನೆ ಮಗಳ ಸ್ಕೂಲ್ ಪ್ರಾಜೆಕ್ಟಿಗೆಂದು ತಂದ ಜೇಡಿಮಣ್ಣಿನ ಪ್ಯಾಕೆಟ್ ಒಡೆದೆ. ಆ ಹಸಿ ವಾಸನೆಗೆ, ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು...

ಗಣಿ ಕಂಪನಿಯಲ್ಲಿ ಭೂವಿಜ್ಞಾನಿಯಾಗಿ ರಿಟೈರಾದವರು. ಪರ್ತ್‌ನ ನೆಲವನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. "ಇದು ಮಣ್ಣೇನ್ರೀ? ಬರೀ ಮರಳು. ಗಣಪನ ಸೊಂಡಿಲು ನಿಲ್ಲಲ್ಲ ಇದ್ರಲ್ಲಿ." ಊರಿಂದ ತಂದ ಮಣ್ಣಿನ ಗಣಪನನ್ನು ಏರ್‌ಪೋರ್ಟಿನಲ್ಲೇ ಕಸ್ಟಮ್ಸಿನವರು ಕಿತ್ತುಕೊಂಡಿದ್ದರು, ಹೊರದೇಶದ ಮಣ್ಣು ಒಳಗೆ ಬರಕೂಡದಂತೆ. ಪ್ಲಾಸ್ಟಿಕ್ ಗಣಪನಿಗೆ ಕೈಮುಗಿಯುವ ಬದಲು ಹಬ್ಬವನ್ನೇ ಬಿಡುತ್ತೇನೆಂದು ಅಂಕಲ್ ಹಟ ಹಿಡಿದಿದ್ದರು.

ಹತ್ತಿರದಲ್ಲೊಂದು ಬೇಸ್‌ಬಾಲ್ ಸ್ಟೇಡಿಯಂ. ಸ್ಟೇಡಿಯಂ ಎನ್ನುವುದು ಊರವರ ಜಂಬ. ಪ್ರೇಕ್ಷಕರಿಗಿಂತ ಕಡಲಹಕ್ಕಿಗಳೇ ಹೆಚ್ಚು. ಆಟವೋ, ಪೈಜಾಮ ತೊಟ್ಟವರು ನಿಂತು ನಿಂತು ಉಗುಳುವುದು. ನಡುವೆ, ಚೆಂಡು ಎಸೆಯುವವನು ನಿಲ್ಲಲು ಒಂದು ಮಣ್ಣಿನ ದಿಬ್ಬ. ಸೀಸನ್‌ಗೆ ಮುಂಚೆ ಅದನ್ನು ಅಗೆದು ರಿಪೇರಿಗೆ ಬಿಟ್ಟಿದ್ದರು. ವಾಕಿಂಗ್ ಹೊರಟಿದ್ದ ಅಂಕಲ್ ನಿಂತುಬಿಟ್ಟರು. "ನೋಡ್ರೀ, ಅಪ್ಪಟ ಜೇಡಿ!"

ಮರುದಿನ ಬಕೆಟ್ ಹಿಡಿದು ಹೊರಟರು, ಬಾಲದಂತೆ ನಾನು. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ನನ್ನ ಪಿಆರ್ ಅರ್ಜಿ ಇನ್ನೂ ಬಾಕಿಯಿತ್ತು. ಮಣ್ಣು ಕದ್ದು ಗಡೀಪಾರಾದ ಮೊದಲ ಕನ್ನಡಿಗ ನಾನೇ ಆಗುತ್ತೇನೆಂದು ಬೆವರುತ್ತಿದ್ದೆ. ಕೇರ್‌ಟೇಕರ್ ಮುದುಕ ಬಂದೇಬಿಟ್ಟ. ಅಂಕಲ್ ಅಂಜದೆ ಗಣಪನ ಇಡೀ ಕಥೆ ಹೇಳಿದರು. ಆತನೂ ತನ್ನದನ್ನು ಹೇಳಿದ: ಹಳೇ ಮೈದಾನ ಮುಚ್ಚಿದಾಗ ಅಲ್ಲಿನ ದಿಬ್ಬವನ್ನೇ ಕಿತ್ತು, ತನ್ನ ಪುಟ್ಟ ಲಾರಿಯಂಥ ಯೂಟ್‌ನಲ್ಲಿ ತುಂಬಿಕೊಂಡು ತಂದ ಮಣ್ಣಂತೆ ಇದು. ಅವನಪ್ಪನೂ ಇದರ ಮೇಲೆ ನಿಂತೇ ಎಸೆದಿದ್ದನಂತೆ.

"ತಗೊಂಡು ಹೋಗು, ಮೇಟ್. ಆದರೆ ಅಷ್ಟೂ ವಾಪಸ್ ಬರಬೇಕು."

ಗಣಪ ಚೆನ್ನಾಗೇ ಕೂತ. ಬಕೆಟ್ಟಿನಲ್ಲಿ ವಿಸರ್ಜನೆಯೂ ಆಯಿತು. ಕರಗಿ ತಳಕ್ಕಿಳಿದ ಮಣ್ಣು ನೋಡಿದಾಗ ಅಂಕಲ್ ಕಂಗಾಲಾದರು. ಪೂಜೆಯಾದ ಮಣ್ಣನ್ನು ಮೊಳೆ ಬೂಟಿನವರ ಕಾಲಡಿಗೆ ಹಾಕುವುದು ಹೇಗೆ? ಕೊಡದೆ ಮಾತಿಗೆ ತಪ್ಪುವುದು ಹೇಗೆ? ದಿನಗಟ್ಟಲೆ ಒದ್ದಾಡಿ, ಕೊನೆಗೆ ಕೊಟ್ಟರು.

ಆದರೆ ಅಂದಿನಿಂದ ಒಂದು ಪಂದ್ಯವನ್ನೂ ಬಿಡಲಿಲ್ಲ. ನಿಯಮ ಒಂದೂ ಗೊತ್ತಿಲ್ಲ, ಎಸೆತ ತಪ್ಪಿತೋ, ಎದ್ದು ನಿಂತು ಕನ್ನಡದಲ್ಲೇ ಬೈಗುಳ: "ಲೋ ದಂಡಪಿಂಡ! ಯಾರ ಮೇಲೆ ನಿಂತಿದೀಯ ಗೊತ್ತೇನೋ?" ಪಕ್ಕದಲ್ಲಿ ನಾನು ಟೋಪಿಯನ್ನು ಮೂಗಿನವರೆಗೂ ಎಳೆದುಕೊಳ್ಳುತ್ತಿದ್ದೆ.

ಆಮೇಲೆ ಅಡಿಲೇಡ್‌ಗೆ, ಮಗಳ ಮನೆಗೆ ಹೋದರು. ಅಲ್ಲೇ ತೀರಿಕೊಂಡರು...

ಈ ಶನಿವಾರ ಸ್ಟೇಡಿಯಂಗೆ ಹೋಗಿದ್ದೆ. ಆಟ ಈಗಲೂ ಅಷ್ಟೇ ದರಿದ್ರ. ಹೊಸ ಹುಡುಗನೊಬ್ಬ ದಿಬ್ಬ ಹತ್ತಿ ಎಸೆದ. ಚೆಂಡು ಎತ್ತಲೋ ಹೋಯಿತು. ನಾನು ಎದ್ದು ನಿಂತೆ, ಬಾಯಿಯನ್ನೂ ತೆರೆದೆ. ಹಿಂದಿನ ಸಾಲಿನವರು ಏನಂದುಕೊಳ್ಳುತ್ತಾರೋ ಎಂದು ಹೆದರಿ ಕೂತುಬಿಟ್ಟೆ. ಅವನು ಯಾರ ಮೇಲೆ ನಿಂತಿದ್ದಾನೆಂದು ಅವನಿಗೆ ಹೇಳುವವರೇ ಇರಲಿಲ್ಲ.